ಕತ್ತಿಯೂ ಮಂತ್ರವೂ

ಎರಡು ವಿದ್ಯೆಗಳನ್ನು ಬಲ್ಲವನನ್ನು ಕಂಡರೆ ಲೋಕಕ್ಕೆ ಮೆಚ್ಚುಗೆಯೂ ಉಂಟು, ಸಂಶಯವೂ ಉಂಟು. ಪೈಲವಾನನು ಕವಿತೆ ಬರೆದರೆ ಕವಿಗಳು ನಗುತ್ತಾರೆ. ಕವಿಯು ಸಾಮು ಮಾಡಿದರೆ ಪೈಲವಾನರು ನಗುತ್ತಾರೆ. ಕತೆಗಳಲ್ಲಿ ಮಾತ್ರ ಇಂಥವನಿಗೆ ಎಂದೂ ಮನ್ನಣೆ ತಪ್ಪಿಲ್ಲ. ಕೈಯಲ್ಲಿ ಆಯುಧ, ನಾಲಗೆಯ ಮೇಲೆ ಮಂತ್ರ. ಇಂಥ ವೀರನು ಬಂದನೆಂದರೆ ಕೇಳುವವರ ಕಿವಿ ನೆಟ್ಟಗಾಗುತ್ತದೆ. ಅವನನ್ನು ಕತೆಯಲ್ಲಿ ಹೊಗಳುವುದು ಸುಲಭ. ಆಟದ ನಿಯಮಕ್ಕೆ ಒಳಪಡಿಸುವುದು ಎಷ್ಟು ಕಷ್ಟವೆಂಬುದನ್ನು ಕಳೆದ ವರ್ಷ ನಮ್ಮ ಗೆಳೆಯರ ಕೂಟವು ಅರಿಯಿತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಈ ಆಟವನ್ನು ಕಾಣದ ವಾಚಕರೂ ಇರಬಹುದಾದ್ದರಿಂದ ಮೊದಲು ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ಇದರಲ್ಲಿ ಪಟವಿರಲೇಬೇಕೆಂದಿಲ್ಲ, ಸೋಲುಗೆಲವಿನ ಲೆಕ್ಕವೂ ಇಲ್ಲ. ಒಬ್ಬನು ಸೂತ್ರಧಾರನಾಗಿ ಕಾಡು, ಕೋಟೆ, ರಕ್ಕಸರನ್ನು ಬಣ್ಣಿಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಕಾರ್ಯ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದಾಳಗಳಲ್ಲಿ ಇಪ್ಪತ್ತು ಮುಖದ್ದೂ ಒಂದುಂಟು. ಮೊದಲಿಗೆ ಇದ್ದ ಪಾತ್ರವರ್ಗಗಳು ಮೂರೇ: ಯೋಧ, ಮಾಂತ್ರಿಕ, ಪುರೋಹಿತ.

ದೇವಸುಗೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವಂತೆ ಕುಳಿತು, ಭಾನುವಾರಗಳಂದು ನಾವು ಐವರು ಈ ಆಟವನ್ನು ಕನ್ನಡದಲ್ಲಿ ಆಡುತ್ತಿದ್ದೆವು. ಸೂತ್ರಧಾರಿಕೆ ನನ್ನದು. ಒಂದು ದಿನ ಗೆಳೆಯನೊಬ್ಬನು ತಾನೇ ಕಲ್ಪಿಸಿದ 'ಮಂತ್ರವೀರ'ನನ್ನು ತಂದನು. ಅವನಿಗೆ ಭಾರಿ ಕವಚ, ಉದ್ದ ಕತ್ತಿ, ಬೆಂಕಿಯ ಮಂತ್ರ, ಗಾಯ ಮಾಯುವ ಮಂತ್ರ ಎಲ್ಲವೂ ಉಂಟು. ಗಂಟೆಯೊಳಗೆ ರಕ್ಕಸರೆಲ್ಲ ನೆಲ ಕಚ್ಚಿದರು. ಉಳಿದ ಮೂವರು ಮಂಡಾಳು ಮುಕ್ಕುತ್ತ ನೋಡುತ್ತಿದ್ದರು. "ಎಲ್ಲಾ ಇವನೇ ಮಾಡಿದ್ರ ನಾವ್ಯಾಕ ಕುಂತೀವಪ್ಪಾ?" ಎಂದು ಒಬ್ಬನು ನಕ್ಕನು. ಆದರೆ ಹಾಜರಿ ಕೂಗಿದಾಗ ಹೊರತು ತರಗತಿಯಲ್ಲಿ ದನಿಯೇ ಕೇಳಿಸದ ಇನ್ನೊಬ್ಬ ಗೆಳೆಯನು ನಗಲಿಲ್ಲ. ಮುಂದಿನ ಭಾನುವಾರ ಬರಲೂ ಇಲ್ಲ. ಅವನು ನಾಲ್ಕು ಮಾತು ಬಿಚ್ಚಿ ಆಡುತ್ತಿದ್ದುದು ಈ ಆಟದಲ್ಲಿ ಮಾತ್ರ. ಆದುದರಿಂದ ಮಂತ್ರವೀರನಿಗೆ ತಕ್ಕ ಬೆಲೆ ಕಟ್ಟುವುದು ನಮಗೆ ಬರಿಯ ಲೆಕ್ಕದ ಮಾತಾಗಿ ಉಳಿಯಲಿಲ್ಲ.

ಇಂಥವನಿಗೆ ಹಿಂದಿನವರು ಕಟ್ಟಿದ ಬೆಲೆಗಳನ್ನು ನೋಡಿದೆ. 1974ರ ನಿಯಮದಲ್ಲಿ 'ಎಲ್ಫ್' ಎಂಬ ಕುಲದವನು ಯೋಧನೂ ಆಗಬಹುದು, ಮಾಂತ್ರಿಕನೂ ಆಗಬಹುದು. ಆದರೆ ಒಂದು ಸಾಹಸದ ನಡುವೆ ವೇಷ ಬದಲಿಸುವಂತಿಲ್ಲ. 1978ರ ಕೈಪಿಡಿಯಲ್ಲಿ ಎರಡು ವರ್ಗ ಹಿಡಿದವನು ಗಳಿಸಿದ ಅನುಭವದ ಅಂಕಗಳನ್ನು ಎರಡಕ್ಕೂ ಸಮನಾಗಿ ಹಂಚಬೇಕು. ಎರಡು ದೋಣಿಯಲ್ಲಿ ಕಾಲಿಟ್ಟವನಂತೆ ಅವನ ಪ್ರಯಾಣ ನಿಧಾನ. 2000ದ ಮೂರನೆಯ ಆವೃತ್ತಿಯಲ್ಲಿ ಕವಚ ತೊಟ್ಟು ಮಂತ್ರ ಹೇಳಿದರೆ ಅದು ತಪ್ಪುವ ಸಂಭವವುಂಟು: ಚರ್ಮದ ಕವಚಕ್ಕೆ ನೂರಕ್ಕೆ 10, ಮೈಯೆಲ್ಲ ಮುಚ್ಚುವ ಉಕ್ಕಿನ ಕವಚಕ್ಕೆ 35. 'ಪಾತ್‌ಫೈಂಡರ್' ಎಂಬ ಆಟದಲ್ಲಿ 2011ರಲ್ಲಿ ಬಂದ 'ಮೇಗಸ್' ಒಂದೇ ಸರದಿಯಲ್ಲಿ ಕತ್ತಿ ಬೀಸಿ ಮಂತ್ರವನ್ನೂ ಪ್ರಯೋಗಿಸಬಲ್ಲನು. ಆದರೆ ಅದಕ್ಕೆ ಇನ್ನೊಂದು ಕೈ ಬರಿದಾಗಿರಬೇಕು, ಹೊಡೆತದ ದಾಳದಲ್ಲಿ 2 ಕಳೆಯಬೇಕು.

ಇವೆಲ್ಲ ಜಾಣ್ಮೆಯ ಉಪಾಯಗಳೇ. ಆದರೂ ನಮ್ಮ ಪುರಾಣಗಳನ್ನು ನೆನೆದಾಗ ಏನೋ ಕೊರತೆ ಕಂಡಿತು. ಕರ್ಣನಿಗೂ ಬೇಕಾದ ಗಳಿಗೆಯಲ್ಲಿಯೇ ಬ್ರಹ್ಮಾಸ್ತ್ರದ ಮಂತ್ರ ಮರೆಯಿತು. ಆದರೆ ಅದು ನೂರಕ್ಕೆ ಇಷ್ಟೆಂಬ ದಾಳದ ಲೆಕ್ಕದಿಂದಲ್ಲ, ಹುಟ್ಟನ್ನು ಮರೆಮಾಚಿ ಕಲಿತುದಕ್ಕೆ ಪರಶುರಾಮನಿತ್ತ ಶಾಪದಿಂದ. ಇಂದ್ರಜಿತುವಿನ ಬಲವೆಲ್ಲ ನಿಕುಂಭಿಳೆಯ ಹೋಮ ಮುಗಿಯುವುದರಲ್ಲಿತ್ತು. ಅದು ಮುಗಿಯುವ ಮೊದಲೇ ಲಕ್ಷ್ಮಣನು ಬಂದನು. ಅಶ್ವತ್ಥಾಮನು ಅಸ್ತ್ರವನ್ನು ಬಿಡಬಲ್ಲವನಾಗಿದ್ದನೇ ಹೊರತು ಅರ್ಜುನನಂತೆ ಹಿಂದಕ್ಕೆ ಕರೆಯಬಲ್ಲವನಾಗಿರಲಿಲ್ಲ. ಈ ಮೂವರಲ್ಲಿ ಯಾರೂ ಅರೆಯೋಧರಲ್ಲ, ಅರೆಮಾಂತ್ರಿಕರೂ ಅಲ್ಲ. ಎರಡು ವಿದ್ಯೆಯೂ ಪೂರ್ಣವಾಗಿಯೇ ಇದ್ದವು. ಇದ್ದುದು ಅವು ಕೂಡುವ ಕಡೆಯ ಒಂದು ಬಿರುಕು ಮಾತ್ರ.

ಆ ಬಿರುಕನ್ನು ಆಟದಲ್ಲಿ ಎಲ್ಲಿ ಇಡಬೇಕು? ಇದಕ್ಕೆ ಉತ್ತರವನ್ನು ನನಗೆ ಸೂಚಿಸಿದವರು ನಮ್ಮ ಸೀಮೆಯ ಪುರವಂತರು. ನಮ್ಮೂರಿನ ಸೂಗೂರೇಶ್ವರನು ವೀರಭದ್ರನ ರೂಪವಾದ್ದರಿಂದ ವೀರಭದ್ರನ ಕತೆಯನ್ನು ಕೇಳುತ್ತಲೇ ಬೆಳೆದವನು ನಾನು. ಉತ್ತರ ಕರ್ನಾಟಕದ ಪುರವಂತರು ಕತ್ತಿ ಹಿಡಿದು ಕುಣಿಯುತ್ತಾರೆ, ದಕ್ಷಯಜ್ಞದ ಒಡಪು ಹೇಳುತ್ತಾರೆ. ಒಡಪು ಹೇಳುವಾಗ ವಾದ್ಯದ ಅಬ್ಬರ ತಗ್ಗುತ್ತದೆ, ಹೆಜ್ಜೆ ನಿಲ್ಲುತ್ತದೆ. ಒಡಪು ಮುಗಿದೊಡನೆ ವಾದ್ಯ ಮೊಳಗಿ, ಅದೇ ಮಾತಿನ ಆವೇಶ ಕಾಲಿಗೂ ಕತ್ತಿಗೂ ಇಳಿಯುತ್ತದೆ. ನುಡಿಗೊಂದು ಸರದಿ, ಕತ್ತಿಗೊಂದು ಸರದಿ! ದೇವರ ಸೇವೆಯನ್ನು ಆಟದ ಕಾಯಿ ಮಾಡುವುದು ನನ್ನ ಉದ್ದೇಶವಲ್ಲ. ನಾನು ಪಡೆದುದು ಆ ಲಯವನ್ನಷ್ಟೇ.

ಎಲ್ಲರೂ ಕೂಡಿ ನಿಯಮ ಬರೆದೆವು. ಮಂತ್ರವೀರನು ನುಡಿಯುವ ಸರದಿಯಲ್ಲಿ ಹೊಡೆಯುವಂತಿಲ್ಲ, ಕದಲುವಂತಿಲ್ಲ, ಗುರಾಣಿ ಎತ್ತುವಂತಿಲ್ಲ. ಒಂದೊಂದು ಸರದಿಯ ನುಡಿಗೆ ಮುಂದಿನ ಹೊಡೆತದಲ್ಲಿ ಆರು ಮುಖದ ದಾಳವೊಂದು ಹೆಚ್ಚು. ಹೀಗೆ ಮೂರು ಸರದಿಯವರೆಗೆ ಕೂಡಿಸಬಹುದು. ಮೂರು ಕೂಡಿದ ಮೇಲೆ ಹೊಡೆಯಲೇಬೇಕು. ಅಶ್ವತ್ಥಾಮನಂತೆ ಅವನೂ ಹಿಂದೆಗೆಯಲಾರ. ನಡುವೆ ಪೆಟ್ಟು ಬಿದ್ದರೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು. ಇಲ್ಲವಾದರೆ ಕೂಡಿಸಿದ ನುಡಿಯೆಲ್ಲ ವ್ಯರ್ಥ. ಕೊನೆಯ ನಿಯಮವೇ ಮುಖ್ಯವಾದುದು: ಪಕ್ಕದಲ್ಲಿ ನಿಂತ ಸಂಗಾತಿಯು ಇಚ್ಛಿಸಿದರೆ ಆ ಪೆಟ್ಟನ್ನು ತಾನು ತೆಗೆದುಕೊಳ್ಳಬಹುದು.

ಬಾರದಿದ್ದ ಗೆಳೆಯನನ್ನು ಮನೆಗೆ ಹೋಗಿ ಕರೆತಂದೆವು. ಆ ದಿನ ರಾಯಚೂರು ಕೋಟೆಯ ಬಾಗಿಲಿನಂಥ ಬಾಗಿಲೊಂದರಲ್ಲಿ ಕಾಳಗ ಕೂಡಿತು. ಮಂತ್ರವೀರನು ನುಡಿಯಲು ತೊಡಗಿದನು. ಮೊದಲ ಸರದಿ ಸುಮ್ಮನೆ ಕಳೆಯಿತು. ಎರಡನೆಯದರಲ್ಲಿ ರಕ್ಕಸನ ಗದೆ ಎತ್ತಿತು. ಆಗ ಆ ಮೌನಿಯು ಎದ್ದು ನಿಂತು, "ಅವಂದು ಮಾತು ಮುಗಿಲಿ. ಹೊಡೆತ ನನಗಿರಲಿ" ಎಂದನು. ಅವನ ಪಾತ್ರದ ಮೈಯಲ್ಲಿ ಅರ್ಧದಷ್ಟು ಬಲವೂ ಉಳಿಯಲಿಲ್ಲ. ಮೂರನೆಯ ಸರದಿಯ ನುಡಿ ಮುಗಿದು ಹೊಡೆತ ಬಿದ್ದು ಬಾಗಿಲು ತೆರೆದಾಗ ಮಾಳಿಗೆಯ ಮೇಲೆ ಎದ್ದ ಕೂಗಿಗೆ ನಮ್ಮವ್ವ ಗಾಬರಿಯಾಗಿ ಮೆಟ್ಟಿಲೇರಿ ಬಂದಳು. ಆ ಗೆಲವು ಯಾರದೆಂದು ಇಂದಿಗೂ ನಮ್ಮಲ್ಲಿ ವಾದ ನಡೆದಿದೆ.

ಇದರಿಂದ ನಾನು ತಿಳಿದುದಿಷ್ಟು. ಬಲವುಳ್ಳವನನ್ನು ಆಟದಲ್ಲಿ ಹದಕ್ಕೆ ತರಲು ಅವನ ಕೈಕಾಲು ಕತ್ತರಿಸಬೇಕಾಗಿಲ್ಲ. ಅವನಿಗೂ ಇನ್ನೊಬ್ಬನ ಅಗತ್ಯ ಬೀಳುವ ಒಂದು ಗಳಿಗೆಯನ್ನು ಉಳಿಸಿದರೆ ಸಾಕು. ಆ ಗಳಿಗೆಯಲ್ಲಿ ಪಕ್ಕದವನಿಗೂ ಪಾತ್ರ ಸಿಕ್ಕುತ್ತದೆ, ಮಾತೂ ಸಿಕ್ಕುತ್ತದೆ. ವಿದ್ಯಾರ್ಥಿಮಿತ್ರರಲ್ಲಿ ಯಾರಿಗಾದರೂ ಈ ಆಟದ ಕುತೂಹಲವಿದ್ದರೆ ಭಾನುವಾರ ಮಧ್ಯಾಹ್ನ ದೇವಸುಗೂರಿಗೆ ಬರಬಹುದು. ಇಪ್ಪತ್ತು ಮುಖದ ದಾಳ ನಮ್ಮಲ್ಲಿದೆ. ಮಂಡಾಳು ಮಾತ್ರ ನೀವೇ ತರತಕ್ಕದ್ದು.