ತೋನ್ಸೆಪಾರಿನ ಋಣ

ಈಜು ಬಾರದವನಿಗೆ ಕಡಲಯಾನದ ಹುಚ್ಚು ಸಲ್ಲದೆಂದು ಮನೆಯವರು ವರ್ಷವರ್ಷವೂ ಹಿತವಚನ ನುಡಿಯುತ್ತಿದ್ದರೂ, ಮಳೆಗಾಲ ಕಳೆದು ಸಮುದ್ರ ಶಾಂತವಾಯಿತೆಂಬ ವಾರ್ತೆ ಕಿವಿಗೆ ಬಿದ್ದೊಡನೆ ನನ್ನ ಕಾಲುಗಳು ತಾವಾಗಿಯೇ ಮಲ್ಪೆಯ ಹಾದಿ ಹಿಡಿಯುತ್ತವೆ. ಬಂಗುಡೆ, ಬೂತಾಯಿಗಳ ಗಂಧವನ್ನು ಬಂದರಿನಲ್ಲಿಯೇ ಬಿಟ್ಟು ಬೋಟು ಪಶ್ಚಿಮಾಭಿಮುಖವಾಗಿ ಹೊರಟಿತೆಂದರೆ, ಅಲೆಯ ಒಂದೊಂದು ಏರಿಳಿತಕ್ಕೂ ಒಂದೊಂದು ದೇವರನ್ನು ನೆನೆಯುತ್ತ ನಾನು ಅನುಭವಿಸುವ ಆ ಭಯಮಿಶ್ರಿತ ಆನಂದಕ್ಕೆ ಎಣೆಯಿಲ್ಲ. ನಾನು ಹೋಗುವ ದ್ವೀಪವಾದರೋ ಬಹು ಮಾನಧನ. ದೊಡ್ಡ ಬೋಟನ್ನು ಹತ್ತಿರ ಸೇರಿಸದು. ನಡುನೀರಿನಲ್ಲಿ ಚಿಕ್ಕ ದೋಣಿಗೆ ಇಳಿಯಬೇಕು. “ಕೈ ಕೊಡಿ ಮಾರಾಯ್ರೆ, ಹೆದರ್ಬೇಡಿ” ಎಂದು ದೋಣಿಯವನು ನಗುತ್ತಾನೆ.

1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಳಿದು ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿ. ಊರವರಿಗೆ ಇದು ಇಂದಿಗೂ ತೋನ್ಸೆಪಾರ್. ಈ ಎರಡು ಹೆಸರುಗಳಿಗಿಂತಲೂ ಪುರಾತನವಾದುದು ಇಲ್ಲಿಯ ಶಿಲೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದ ಮಗ್ಗುಲಿನಿಂದ ಅಗಲುತ್ತಿದ್ದ ಕಾಲದಲ್ಲಿ ಉಕ್ಕಿಬಂದ ಲಾವಾರಸವು, ತಣಿಯುತ್ತ ಕುಗ್ಗಿ, ಕುಗ್ಗುತ್ತ ಬಿರಿದು, ಐದು ಆರು ಮುಖಗಳ ಸ್ತಂಭಗಳಾಗಿ ನಿಂತಿತಂತೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೆಮ್ಮೆಪಡುವ ನಮ್ಮ ನಾಡಿನಲ್ಲಿ, ಉಳಿ ಸುತ್ತಿಗೆಗಳ ಹಂಗಿಲ್ಲದೆ ಅಂಥದೇ ವೈವಿಧ್ಯವನ್ನು ಕಡಲ ನಡುವೆ ಕಂಡರಿಸಿದ ಆ ಅಜ್ಞಾತ ಶಿಲ್ಪಿಗೆ ಯಾವ ಬಿರುದು ಸಂದೀತು!

ಅಂಥದೊಂದು ಕಂಬದ ನೆತ್ತಿಯ ಮೇಲೆ, ಕಾಲ ಕೆಳಗೆ ಮರಳಿಗಿಂತ ಹೆಚ್ಚಾಗಿ ಹಾಸಿದ ಚಿಪ್ಪುಗಳ ಮರ್ಮರವನ್ನು ಆಲಿಸುತ್ತ ಸುಮ್ಮನೆ ಕೂರುವುದೇ ನನ್ನ ವ್ಯಸನ. ಬಾಲ್ಯದಲ್ಲಿ ಒಮ್ಮೆ ಆ ಚಿಪ್ಪುಗಳನ್ನು ಜೇಬು ತುಂಬ ಕದ್ದೊಯ್ದಿದ್ದೆ. ನೀರಿನಲ್ಲಿ ಮುತ್ತಿನಂತೆ ಹೊಳೆದವು ಮನೆಯ ಗೂಡಿನಲ್ಲಿ ಸುಣ್ಣದ ಚೂರುಗಳಂತೆ ಮಂಕಾದವು. ಇಂದು ಈ ನೆಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲನ್ನಾಗಲಿ ಚಿಪ್ಪನ್ನಾಗಲಿ ಒಯ್ಯಲಾಗದೆಂದು ಫಲಕ ಹೇಳುತ್ತದೆ. ಫಲಕಕ್ಕಿಂತ ಮೊದಲೇ ಆ ಗೂಡು ನನಗೆ ಈ ಪಾಠವನ್ನು ಕಲಿಸಿತ್ತು.

ಕೋಟಿ ಕೋಟಿ ವರ್ಷ ಅವಸರವರಿಯದೆ ಕುಳಿತ ಶಿಲೆಯ ಮೇಲೆ ನಾನು ಕುಳಿತು ಎರಡು ಗಳಿಗೆಯಾಗಿರದು, “ಹೊತ್ತಾಯ್ತು, ಬನ್ನಿ!” ಎಂಬ ಕೂಗು ಬರುತ್ತದೆ. ಬರಿಗೈಯಲ್ಲಿ ಮರಳುತ್ತೇನೆ. ಆದರೆ ಕಳೆದ ಸಲ ಮನೆಯಲ್ಲಿ ಪಂಚೆ ಕೊಡವಿದಾಗ ಅಂಚಿನಿಂದ ಒಂದು ಪುಟ್ಟ ಚಿಪ್ಪು ಉದುರಿತು. ನಾನು ಕದ್ದುದಲ್ಲ, ಅದೇ ಬಂದುದು; ಆದರೂ ಪರರ ಸೊತ್ತು. ಹಿಂದಿರುಗಿಸಲೇಬೇಕಷ್ಟೆ! ಮನೆಯವರು ಈ ಧರ್ಮಸೂಕ್ಷ್ಮಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದಾರೆ. ನಾನು ಮಳೆ ನಿಲ್ಲುವುದನ್ನು ಕಾಯುತ್ತಿದ್ದೇನೆ.