ಅವನ ಮಾತು ಅವನೇ ಆಡಲಿ

ಕಳೆದ ನವೆಂಬರಿನ ಒಂದು ಭಾನುವಾರ. ಬೆಳಗ್ಗಿನಿಂದಲೇ ಜಡಿಮಳೆ. ವೇಳಚ್ಚೇರಿಯಲ್ಲಿ ಮನೆ ಮಾಡಿದವರಿಗೆ ಮಳೆ ಎಂದರೇನೆಂದು ಹೇಳಬೇಕಾಗಿಲ್ಲ, ರಸ್ತೆಯಲ್ಲಿ ನೀರು ನಿಂತರೆ ಎಲ್ಲಿಗೂ ಹೋಗಲಿಕ್ಕಿಲ್ಲ. ಹಿಂದಿನ ರಾತ್ರಿ ಬಂದಿದ್ದ ಮಗನ ಮೂವರು ಗೆಳೆಯರು ನಮ್ಮಲ್ಲೇ ಉಳಿದುಬಿಟ್ಟಿದ್ದರು. ಊಟದ ಮೇಜಿನ ಮೇಲೆ ಒಂದು ನಕ್ಷೆ, ನಾಲ್ಕಾರು ಪೆನ್ಸಿಲು, ಇಪ್ಪತ್ತು ಮುಖದ ಒಂದು ದಾಳ. ಮಗ ಮಾತ್ರ ಎದುರಿಗೆ ರಟ್ಟಿನ ಮರೆ ಇಟ್ಟುಕೊಂಡು ಕೂತಿದ್ದ.

"ಇದೆಂತದು ಮಾರಾಯ, ಜುಗಾರಿಯಾ?" ಎಂದು ಕೇಳಿದೆ.

ಜುಗಾರಿ ಅಲ್ಲವಂತೆ, ಕತೆ ಕಟ್ಟುವ ಆಟವಂತೆ. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಹೊರತಂದದ್ದು. ಅಂದರೆ ಆಟಕ್ಕೂ ನನಗೂ ಹೆಚ್ಚು ಕಡಿಮೆ ಒಂದೇ ಪ್ರಾಯ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಊರು, ಕಾಡು, ಕಳ್ಳರು, ಕಾವಲುಗಾರರು ಇತ್ಯಾದಿ ಉಳಿದ ಲೋಕವೆಲ್ಲ ಮರೆಯ ಹಿಂದೆ ಕೂತವನ ಬಾಯಲ್ಲಿ.

ಒಂದು ಪಾತ್ರ ಖಾಲಿ ಇತ್ತು. "ಅಪ್ಪ, ನೀವು ಕೂತ್ಕೊಳ್ಳಿ" ಎಂದ. ನನಗೆ ವ್ಯಾಪಾರಿಯ ವೇಷ. ಕೋಟೆಯ ಬಾಗಿಲಲ್ಲಿ ಕಾವಲುಗಾರ ನಮ್ಮನ್ನು ತಡೆದ. ಹುಡುಗರು ಗುಸುಗುಸು ಯೋಚನೆ ಮಾಡುತ್ತಿದ್ದರು. ನಾನು ಮುಂದೆ ಬಿದ್ದು, "ಅವನಿಗೆ ಹತ್ತು ಚಿನ್ನದ ನಾಣ್ಯ ಕೊಟ್ಟೆ, ಅವ ತಗೊಂಡ, ಬಾಗಿಲು ತೆಗೆದ, ನಾವೆಲ್ಲ ಒಳಗೆ ಹೋದೆವು" ಎಂದು ಒಂದೇ ಉಸಿರಿಗೆ ಮುಗಿಸಿದೆ. ಬ್ಯಾಂಕಿನವನಿಗೆ ಮೊದಲು ಹೊಳೆದದ್ದು ಲಂಚವೇ ಎಂದು ಹುಡುಗರು ಬಿದ್ದು ಬಿದ್ದು ನಕ್ಕರು.

ಮಗ ನಗಲಿಲ್ಲ. "ಅಪ್ಪ, ನೀವು ಕೊಡ್ತೇನೆ ಅಂತ ಹೇಳ್ಬಹುದು. ಅವ ತಗೊಂಡ ಅಂತ ನೀವು ಹೇಳ್ಲಿಕ್ಕಿಲ್ಲ" ಎಂದ.

ಸ್ವಲ್ಪ ಮುಖ ಸಣ್ಣದಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಕಾಫಿ ಕುಡಿಯುವಾಗ ನೆನಪಾಯಿತು. ಊರಿನಲ್ಲಿ, ತಾಳಮದ್ದಲೆಯಲ್ಲಿ!

ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ನಮ್ಮ ಕಡೆ ತಾಳಮದ್ದಲೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಆ ಪಾತ್ರದ ಅರ್ಥಧಾರಿ ಕೂತಲ್ಲೇ ಅದರ ಅರ್ಥ ಹೇಳುತ್ತಾನೆ. ಪದ್ಯ ಪುಸ್ತಕದ್ದು, ಮಾತು ಮಾತ್ರ ಆ ಕ್ಷಣದ್ದು. ಎದುರಾಳಿ ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ.

ನನ್ನ ಬಿಕಾಂ ಮುಗಿದ ವರ್ಷ ಪುತ್ತೂರಿನ ಹತ್ತಿರ ನಮ್ಮೂರ ದೇವಸ್ಥಾನದಲ್ಲಿ ವಾಲಿವಧೆ ಇತ್ತು. ರಾಮನ ಅರ್ಥ ಹೇಳಬೇಕಾದವರು ಮಳೆಗೆ ಬರಲಿಲ್ಲ. "ನೀನು ಕೂತ್ಕೊ" ಎಂದು ನನ್ನನ್ನು ಕೂರಿಸಿದರು. ಎದುರಿಗೆ ವಾಲಿ, ನಿವೃತ್ತ ಮೇಷ್ಟ್ರು, ಪಳಗಿದ ಅರ್ಥಧಾರಿ. ಬಾಣ ಬಿದ್ದ ವಾಲಿ, "ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?" ಎಂದು ಕೇಳಿದರು. ನಾನು ಮೂರು ವಾಕ್ಯ ಹೇಳಿದೆ. ನಾಲ್ಕನೆಯದು ಬರಲಿಲ್ಲ. ಮದ್ದಲೆಯವರು ನನ್ನನ್ನೇ ನೋಡುತ್ತಿದ್ದರು. ಅಪ್ಪ ಸಭೆಯಲ್ಲಿ ಕೂತಿದ್ದರು.

ಮೇಷ್ಟ್ರಿಗೆ ನನ್ನನ್ನು ಅಲ್ಲೇ ಮುಗಿಸಬಹುದಿತ್ತು. ಅವರು, "ರಾಮಾ, ನೀನು ಸುಮ್ಮನಿರುವುದು ಉತ್ತರವಿಲ್ಲದೆಯೋ, ಅಥವಾ ತಮ್ಮನ ಹೆಂಡತಿಯನ್ನು ಕಸಿದುಕೊಂಡವನ ಹತ್ತಿರ ಮಾತೇಕೆ ಎಂದೋ?" ಎಂದರು. ಪ್ರಶ್ನೆಯೊಳಗೆ ಉತ್ತರ ಕಟ್ಟಿ ನನ್ನ ಮಡಿಲಿಗೆ ಹಾಕಿದ ಹಾಗೆ! ಅಲ್ಲಿಂದ ಮುಂದೆ ಹೇಗೋ ದಡ ಸೇರಿದೆ. ಆಮೇಲೆ ಮೇಷ್ಟ್ರು ಹೇಳಿದರು, "ವಾಲಿ ಸಾಯುವುದು ಕವಿ ಬರೆದಿಟ್ಟದ್ದು, ಅದನ್ನು ನಾನು ತಪ್ಪಿಸಲಿಕ್ಕಿಲ್ಲ. ರಾಮನ ಬಾಯಲ್ಲಿ ನಾನು ಮಾತಾಡಲಿಕ್ಕೂ ಇಲ್ಲ. ಕೇಳಬಹುದು, ಅಷ್ಟೆ."

ಅಧಿಕಾರವನ್ನು ಎಷ್ಟು ಅಚ್ಚುಕಟ್ಟಾಗಿ ಹಂಚಿದ್ದಾರೆ ನೋಡಿ. ಕತೆಯ ಕೊನೆ ಕವಿಯದ್ದು. ಎಷ್ಟು ಪದ್ಯ, ಎಷ್ಟು ಹೊತ್ತು ಎಂಬುದು ಭಾಗವತರದ್ದು. ಅರ್ಥಧಾರಿ ಎಳೆಯುತ್ತಾ ಹೋದರೆ ಅವರು ಮುಂದಿನ ಪದ್ಯ ಎತ್ತಿಕೊಂಡರಾಯಿತು. ಮಾತು ಮಾತ್ರ ಪಾತ್ರದವನದ್ದೇ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಲು ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ವಾಲಿ ಸಾಯುತ್ತಾನೆಂದು ಯಾರಿಗೆ ಗೊತ್ತಿಲ್ಲ? ಏನು ಹೇಳಿ ಸಾಯುತ್ತಾನೆ ಎಂದು ಕೇಳಲಿಕ್ಕೆ ಬರುವುದು.

ಮಗನ ಆಟದಲ್ಲಿ ಕೊನೆ ಯಾರ ಕೈಯಲ್ಲೂ ಇಲ್ಲ. ಆಟಗಾರ ಏನು ಮಾಡಹೊರಟ ಎಂದು ಹೇಳುತ್ತಾನೆ, ಆದದ್ದೇನು ಎಂದು ಮರೆಯ ಹಿಂದಿನವನು ಹೇಳುತ್ತಾನೆ, ಸಂಶಯ ಬಂದಲ್ಲಿ ದಾಳ ಹೇಳುತ್ತದೆ. ಮರೆಯ ಹಿಂದಿನವನೇ ಇಲ್ಲದ ಆಟಗಳೂ ಉಂಟಂತೆ. ಜೇಸನ್ ಮಾರ್ನಿಂಗ್‌ಸ್ಟಾರ್ ಎಂಬವರು 2009ರಲ್ಲಿ ತಂದ ಫಿಯಾಸ್ಕೋದಲ್ಲಿ ನಿಮ್ಮ ಸರದಿ ಬಂದಾಗ ಎರಡರಲ್ಲಿ ಒಂದನ್ನು ಆರಿಸಬೇಕು. ದೃಶ್ಯವನ್ನು ನೀವು ಶುರು ಮಾಡಿದರೆ ಅದು ಒಳ್ಳೆಯದಾಗಿ ಮುಗಿಯಿತೋ ಕೆಟ್ಟದಾಗಿಯೋ ಎಂದು ಉಳಿದವರು ತೀರ್ಮಾನಿಸುತ್ತಾರೆ. ಮುಗಿಸುವ ಹಕ್ಕು ನಿಮಗೆ ಬೇಕೆಂದರೆ ಶುರು ಮಾಡುವುದನ್ನು ಅವರಿಗೆ ಬಿಡಬೇಕು. ಎರಡೂ ನನಗೇ ಬೇಕು ಎನ್ನುವ ಹಾಗಿಲ್ಲ.

ಇದು ನನಗೆ ತಟ್ಟನೆ ಅರ್ಥವಾಯಿತು, ಬ್ಯಾಂಕಿನಲ್ಲಿ ನಾವು ಮಾಡುವುದೂ ಇದನ್ನೇ. ಎಂಟ್ರಿ ಹಾಕಿದವನು ತಾನೇ ಪಾಸ್ ಮಾಡುವಂತಿಲ್ಲ. ಮೂವತ್ತು ವರ್ಷ ಇದನ್ನು ಕಿರಿಯರಿಗೆ ಪಾಠ ಹೇಳಿದವ ನಾನು.

ಮನೆಯಲ್ಲಿ? ಮಗ ಡಿಗ್ರಿ ಮುಗಿಸಿ ಎರಡು ವರ್ಷ ಆಯಿತು. ಒಂದು ಸಣ್ಣ ಕಂಪೆನಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಅವನ ಮುಂದೇನು ಎಂದು ಯಾರು ಕೇಳಿದರೂ, "ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದ್ದಾನೆ" ಎಂದು ನಾನೇ ಹೇಳಿಬಿಡುತ್ತಿದ್ದೆ. ಅವನೆದುರೇ. ಅವನು ಓದುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಎಂಟ್ರಿಯೂ ನನ್ನದೇ, ಪಾಸಿಂಗೂ ನನ್ನದೇ. ನನ್ನ ಮಾತು ಮುಗಿದಾಗ ಅವನು ಎದ್ದು ಒಳಗೆ ಹೋಗುವುದನ್ನು ಸಿಟ್ಟು ಎಂದುಕೊಂಡಿದ್ದೆ. ಉತ್ತರ ಹೇಳಲು ಅವನಿಗೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಮೇಷ್ಟ್ರು ಯಾರದೋ ಮಗನಿಗೆ ಕೊಟ್ಟದ್ದನ್ನು ನಾನು ನನ್ನ ಮಗನಿಗೆ ಕೊಡಲಿಲ್ಲವಲ್ಲ ಎಂದು ಅಂದು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮುಂದಿನ ವಾರ ಊರಿನಿಂದ ಅಕ್ಕನ ಫೋನು. ಮಳೆ, ಅಡಿಕೆ ರೇಟು ಎಲ್ಲ ಆದ ಮೇಲೆ, "ಮಾಣಿದು ಎಂತ ಆಯ್ತು?" ಎಂದು ಕೇಳಿದಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು. "ಇರು, ಅವನ ಹತ್ರವೇ ಕೇಳು" ಎಂದು ಫೋನು ಅವನ ಕೈಗೆ ಕೊಟ್ಟೆ. ಅವನು ಒಮ್ಮೆ ನನ್ನನ್ನು ನೋಡಿದ.

"ಬ್ಯಾಂಕ್ ಪರೀಕ್ಷೆ ಬರೀಲಿಕ್ಕೆ ಮನಸ್ಸಿಲ್ಲ ಅತ್ತೆ. ಬೇರೆ ಎಂತ ಅಂತ ಇನ್ನೂ ಗೊತ್ತಾಗ್ಲಿಲ್ಲ" ಎಂದ.

ಒಳ್ಳೆಯ ಉತ್ತರವೇನಲ್ಲ. ಕೇಳುವಾಗ ಹೊಟ್ಟೆಯೊಳಗೆ ಏನೋ ಆಯಿತು. ಆದರೆ ಮಾತು ಅವನದ್ದು. ನಾನು ಬಾಯಿ ಮುಚ್ಚಿಕೊಂಡು, ನೀರು ಇಳಿದಿದೆಯೋ ನೋಡೋಣ ಎಂದು ಬಾಲ್ಕನಿಗೆ ಹೋದೆ.