ಎರಡು ಹೆಸರಿನ ಬೆಕ್ಕು

ನಮ್ಮ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಭಾವಚಿತ್ರ ಬೇಕು, ವಿಳಾಸದ ದಾಖಲೆ ಬೇಕು, ಗುರುತಿನ ದಾಖಲೆ ಬೇಕು. ಎಲ್ಲ ಇದ್ದೂ ಸಹಿಯಲ್ಲಿ ಒಂದು ಕೊಂಬು ಹೆಚ್ಚುಕಡಿಮೆಯಾದರೆ ನಾವು ಗುಮಾಸ್ತರು ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತೇವೆ. ನಮ್ಮ ಸುಬ್ಬಿಯಾದರೋ ಯಾವ ಕಾಗದಪತ್ರವೂ ಇಲ್ಲದೆ ಎರಡು ಮನೆಗಳಲ್ಲಿ ಎರಡು ಹೆಸರಿನ ಖಾತೆ ತೆರೆದು, ಒಂದು ಕಾಸೂ ಜಮೆ ಮಾಡದೆ, ವರ್ಷಗಟ್ಟಲೆ ಎರಡರಿಂದಲೂ ತೆಗೆಯುತ್ತಾ ಬಂದವಳು.

ಅವಳು ಬಂದದ್ದು 2016ರ ಮಳೆಗಾಲದಲ್ಲಿ. ಬಚ್ಚಲ ಒಲೆಯ ಬೂದಿಯ ಬಳಿ ಒದ್ದೆಯಾಗಿ ಮುದುಡಿ ಕೂತಿತ್ತು, ಬಿಳಿ, ಕಪ್ಪು, ಕೇಸರಿ ಬಣ್ಣದ ಒಂದು ಮರಿ. "ಮೂರು ಬಣ್ಣದ್ದು ಅಂದರೆ ಹೆಣ್ಣೇ" ಎಂದು ಅಮ್ಮ ನೋಡಿದ ಕೂಡಲೇ ತೀರ್ಪು ಕೊಟ್ಟಳು. ಆಮೇಲೆ ಓದಿ ತಿಳಿದೆ, ಕಪ್ಪು ಮತ್ತು ಕೇಸರಿ ಎರಡೂ ಒಂದೇ ಮೈಯಲ್ಲಿ ಬರಬೇಕಾದರೆ ಎರಡು ಎಕ್ಸ್ ವರ್ಣತಂತು ಬೇಕು, ಆದ್ದರಿಂದ ಇಂಥ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಅಮ್ಮನಿಗೆ ವರ್ಣತಂತುವಿನ ಹಂಗಿರಲಿಲ್ಲ.

ಅದೇ ಮಳೆಗಾಲ ನಮಗೆ ಒಂದು ಜಗಳವನ್ನೂ ತಂದಿತು. ನಮ್ಮ ಅಂಗಳದ ನೀರು ಪಕ್ಕದ ಟೀಚರ ಬಾವಿಕಟ್ಟೆಗೆ ನುಗ್ಗಿತು. ಟೀಚರ್ ಪಯ್ಯನ್ನೂರು ಕಡೆಯವರು, ಮಲಯಾಳ ಕಲಿಸಿ ನಿವೃತ್ತರಾದವರು. ನಾಲ್ಕು ಮಾತು ಆಯಿತು, ಬೇಸಗೆಯಲ್ಲಿ ಮುರಕಲ್ಲಿನ ಗೋಡೆ ಎದ್ದಿತು. ಅವರು ಬೈದದ್ದು ಅಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಅಮ್ಮ ಅಂದದ್ದು ಅವರಿಗೂ ತಿಳಿದಿರಲಿಕ್ಕಿಲ್ಲ. ತಿಳಿಯದ ಬೈಗುಳಿನ ನೋವು ಬೇಗ ಮಾಸುವುದಿಲ್ಲ.

ಅಮ್ಮನ ಸಂಗತಿಯನ್ನೂ ಹೇಳಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವಳಿಗೆ ಎಂಟು ವರ್ಷ. ಅಂದು ಅಜ್ಜ ಊಟಕ್ಕೆ ಏಳಲಿಲ್ಲ. ಅದನ್ನು ಕಂಡ ಹುಡುಗಿ ಅಜ್ಜನ ಪರವಾಗಿ ಮಲಯಾಳದ ಮೇಲೆ ಮುನಿಸು ಹೊತ್ತಳು. ಬಸ್ಸಿನ ಬೋರ್ಡು ಓದಲಿಕ್ಕೂ ಅವಳು ಆ ಅಕ್ಷರ ಕಲಿಯಲಿಲ್ಲ. ಕೌಂಟರಿನಲ್ಲಿ ಕೂತ ನನಗೆ ಕನ್ನಡ, ಮಲಯಾಳ, ತುಳು ಮೂರೂ ಇಲ್ಲದೆ ಆಗುವುದಿಲ್ಲ. ಮನೆಯಲ್ಲಿ ಫೋನಿನಲ್ಲಿ ಮಲಯಾಳ ಮಾತಾಡಬೇಕಾದರೆ ನಾನು ಅಂಗಳಕ್ಕೆ ಇಳಿಯುತ್ತಿದ್ದೆ.

ಸುಬ್ಬಿಗೆ ಈ ಯಾವ ಇತಿಹಾಸವೂ ಬೇಕಿರಲಿಲ್ಲ. ಪೂಜೆಯ ಗಂಟೆ ಕೇಳಿದರೆ ನಮ್ಮ ದೇವರಕೋಣೆಯ ಹೊಸ್ತಿಲಲ್ಲಿ ಹಾಜರು, ನೈವೇದ್ಯದ ಹಾಲಿಗೆ. ಮೀನಿನವನ ಸ್ಕೂಟರಿನ ಹಾರನ್ ಕೇಳಿದರೆ ಗೋಡೆಯ ಆಚೆ. ಎರಡೂ ಒಟ್ಟಿಗೇ ಕೇಳಿದ ದಿನ ಗೋಡೆಯ ಮೇಲೆ ಕೂತು ಕಿವಿಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಯೋಚನೆ ಹೆಚ್ಚು ಹೊತ್ತು ನಡೆಯಲಿಲ್ಲ, ಬೂತಾಯಿ ಗೆದ್ದಿತು. ತಿಂದು ಮುಗಿಸಿ ಕಾಲು ಗಂಟೆ ಮುಖ ತೊಳೆದುಕೊಂಡು, ಏನೂ ಅರಿಯದ ಬ್ರಹ್ಮಚಾರಿಯ ಹಾಗೆ ಬಂದು ಮೊಸರನ್ನಕ್ಕೆ ಕೂತಳು. ಅಮ್ಮ ಮೂಗು ಮುಚ್ಚಿಕೊಂಡೇ ಬಡಿಸಿದಳು.

ಬೆಳಿಗ್ಗೆ ಐದೂವರೆಗೆ ನನ್ನ ಹೊದಿಕೆ ಎಳೆಯುವುದು ಅವಳ ಕ್ರಮ. ಎರಡನೆಯ, ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ ಎಂಬ ನಿಯಮ 2015ರಿಂದಲೇ ಇದ್ದರೂ ಅವಳು ಅದನ್ನು ಒಪ್ಪಿಕೊಂಡಿಲ್ಲ. ದೊಡ್ಡ ಬೆಕ್ಕುಗಳು ತಮ್ಮತಮ್ಮೊಳಗೆ ಮಿಯಾಂ ಎನ್ನುವುದು ಅಪರೂಪ, ಆ ಸ್ವರ ಹೆಚ್ಚಾಗಿ ಮನುಷ್ಯರಿಗೇ ಮೀಸಲು. ಎಂದರೆ ನಮ್ಮೊಡನೆ ಮಾತಾಡಲಿಕ್ಕೆ ಅವು ಒಂದು ಭಾಷೆಯನ್ನೇ ಇಟ್ಟುಕೊಂಡಿವೆ. ಈ ವಿಷಯದಲ್ಲಿ ನಮ್ಮ ಎರಡೂ ಮನೆಯವರಿಗಿಂತ ಅವಳು ಮುಂದೆ.

ಆಚೆ ಅವಳ ಹೆಸರು ಅಮ್ಮಿಣಿ ಎಂದು ನಮಗೆ ತಿಳಿದದ್ದು ಗೋಡೆ ದಾಟಿ ಬಂದ "ಅಮ್ಮಿಣೀ, ವಾ ಮೋಳೇ" ಎಂಬ ಕರೆಯಿಂದ. ಅಮ್ಮನಿಗೆ ಅದು ದೊಡ್ಡ ದ್ರೋಹವಾಗಿ ಕಂಡಿತು. ಎರಡು ದಿನ ಹಾಲು ಬಂದ್. ಮೂರನೆಯ ದಿನ ಸುಬ್ಬಿ ಒಂದು ಜೀವಂತ ಓತಿಕ್ಯಾತವನ್ನು ತಂದು ಅಮ್ಮನ ಕಾಲಬುಡದಲ್ಲಿ ಇಟ್ಟಳು. ಅದು ತಪ್ಪೊಪ್ಪಿಗೆಯೋ ಬೆದರಿಕೆಯೋ ನಾನು ಹೇಳಲಾರೆ. ಹಾಲು ಮಾತ್ರ ಮರಳಿ ಸುರುವಾಯಿತು.

2018ರ ಆಟಿಯಲ್ಲಿ ಸುಬ್ಬಿ ನಮ್ಮ ಅಟ್ಟದಲ್ಲಿ ನಾಲ್ಕು ಮರಿ ಹಾಕಿದಳು. ಹತ್ತು ಹನ್ನೆರಡು ದಿನ ಕಳೆದಿರಬೇಕು, ಒಂದು ಸಂಜೆ ಅಮ್ಮ ಎಣಿಸುವಾಗ ಎರಡೇ ಮರಿ. ಕಂಡಬೆಕ್ಕು ಹಿಡಿಯಿತೆಂದು ಗಾಬರಿ. ಸಣ್ಣ ಮಳೆಯಲ್ಲಿ ತಲೆಗೆ ಸೆರಗು ಹಾಕಿಕೊಂಡು ತೋಟವೆಲ್ಲ ಹುಡುಕಿ ಗೋಡೆಯ ಹತ್ತಿರ ಬಂದಾಗ ಆಚೆ ಟೀಚರ್ ಕೊಡೆ ಹಿಡಿದು ನಿಂತಿದ್ದರು. ಎರಡು ವರ್ಷದಿಂದ ಮುಖ ನೋಡದವರು. ಅಮ್ಮ ಎರಡು ಬೆರಳೆತ್ತಿ, "ಎರಡು ಇಲ್ಲಿ ಉಂಟು" ಎಂದಳು. ಅವರೂ ಎರಡು ಬೆರಳೆತ್ತಿದರು. "ರಂಡೆಣ್ಣಂ ಇವಿಡೆ ಉಂಡ್."

"ಉಂಟು"ವಿಗೂ "ಉಂಡ್"ಗೂ ಇರುವ ದೂರ ಎಷ್ಟು ಎಂದು ಅಮ್ಮ ಲೆಕ್ಕ ಹಾಕಿದಳೋ ಇಲ್ಲವೋ, ಮರುದಿನ ಗೋಡೆಯ ಮೇಲಿನಿಂದ ಒಂದು ಗಿಂಡಿ ಹಾಲು ಆಚೆ ಹೋಯಿತು, ಮರಿ ಹಾಕಿದವಳಿಗೆಂದು. ಗಿಂಡಿ ಖಾಲಿ ಬರಲಿಲ್ಲ, ನೇಂದ್ರಕಾಯಿ ಚಿಪ್ಸು ತುಂಬಿಕೊಂಡು ಬಂತು. ಆಮೇಲೆ ಇಬ್ಬರೂ ದಿನಾ ಸಂಜೆ ಗೋಡೆಗೆ ಒರಗಿ ಮಾತಾಡುತ್ತಿದ್ದರು, ಇವಳು ಕನ್ನಡದಲ್ಲಿ, ಅವರು ಮಲಯಾಳದಲ್ಲಿ, ವಿಷಯ ಮಂಡಿನೋವು. ನೀರಿಗೆ ಗೋಡೆಯ ಅಡಿಯಿಂದ ಒಂದು ಪೈಪು ಹಾಕಿಸಿದೆವು. ಮರಿಗಳಿಗೆ ಮನೆ ಹುಡುಕಿದ ಮೇಲೆ ಸುಬ್ಬಿಗೆ ಮೃಗಾಸ್ಪತ್ರೆಯಲ್ಲಿ ಆಪರೇಶನ್ ಆಯಿತು, ಖರ್ಚು ಅರ್ಧರ್ಧ. ಅಲ್ಲಿ ಚೀಟಿಗೆ ಹೆಸರು ಕೇಳಿದಾಗ ಟೀಚರೂ ನಾನೂ ಒಟ್ಟಿಗೇ ಬಾಯಿ ತೆರೆದು, ಒಟ್ಟಿಗೇ ಮುಚ್ಚಿದೆವು.

2022ರಲ್ಲಿ ಅಮ್ಮ ತೀರಿಕೊಂಡಳು. ಹದಿಮೂರನೆಯ ದಿನ ಕಳೆದು ನೆಂಟರು ಹೊರಟ ಮೇಲೆ ನೋಡಿದರೆ ಸುಬ್ಬಿ ಅಟ್ಟದಿಂದ ಇಳಿಯುತ್ತಿಲ್ಲ. ನಾನು ಕರೆದೆ, ಕಿವಿ ಅಲ್ಲಾಡಿತು ಅಷ್ಟೆ. ಬೆಕ್ಕುಗಳಿಗೆ ತಮ್ಮ ಹೆಸರು ಗೊತ್ತಿರುತ್ತದೆಂದು 2019ರಲ್ಲಿ ಜಪಾನಿನ ಅತ್ಸುಕೋ ಸೈತೋ ಮತ್ತು ಸಂಗಡಿಗರು ಪ್ರಯೋಗ ಮಾಡಿ ತೋರಿಸಿದ್ದಾರೆ. ಅವರ ಬೆಕ್ಕುಗಳೂ ಹೆಚ್ಚಾಗಿ ಕಿವಿಯನ್ನೋ ತಲೆಯನ್ನೋ ತಿರುಗಿಸಿದುವೇ ವಿನಾ ಎದ್ದು ಬಂದದ್ದು ಕಡಿಮೆ. "ಅಮ್ಮಿಣೀ" ಎಂದೂ ಕರೆದು ನೋಡಿದೆ. ಅದೂ ಇಲ್ಲ.

ಹೇಳಲೆಂದು ಗೋಡೆಯ ಬಳಿ ಹೋದೆ. ಟೀಚರ್ ಸುತ್ತು ಬಳಸಿ ಗೇಟಿನಿಂದ ಬಂದರು. ಅಟ್ಟದ ಏಣಿಯ ಬುಡದಲ್ಲಿ ನಿಂತು ಬಟ್ಟಲಿಗೆ ಚಮಚದಿಂದ ಎರಡು ಸಲ ತಟ್ಟಿ, "ಸುಬ್ಬೀ, ಬಾ ಮಾರಾಯ್ತಿ, ಎಲ್ಲಿ ಸತ್ತಿದ್ದೀ" ಎಂದರು. ಎಳೆತ, ಗದರಿಕೆ, ಕೊನೆಯಲ್ಲಿ ಸ್ವರ ಇಳಿಸುವುದು, ಎಲ್ಲ ಥೇಟ್ ಅಮ್ಮನದೇ. ಆರು ವರ್ಷ ಗೋಡೆಯ ಆಚೆಯಿಂದ ಕೇಳಿ ಕೇಳಿ ಕಲಿತದ್ದು.

ಸುಬ್ಬಿ ಇಳಿದು ಬಂದಳು. ಮೊಸರನ್ನಕ್ಕೆ ಒಮ್ಮೆ ಬಾಯಿ ಹಾಕಿ, ಟೀಚರ ಕೈಯನ್ನು ಮೂಸಿ ನೋಡಿ, ಅವರಿಗಿಂತ ಮೊದಲೇ ಗೋಡೆ ಹಾರಿ ಅವರ ಅಡಿಗೆಮನೆಯ ಕಡೆ ನಡೆದಳು.